ಬಟೇರ್ ತತ್ತಿ ಯಾಕೆ ಮರಿಯಾಗಲಿಲ್ಲ?

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ. ಮೈದುನ ಹೈದರಾಬಾದಿನಿಂದ ತತ್ತಿಗೆ ಕಾವು ಕೊಡುವ ಸಣ್ಣ ಮಷೀನ್ ತಂದುಕೊಟ್ಟ. ಮಾರ್ಚ್‌ನಲ್ಲಿ ಅಂಗಡಿಯಿಂದ 30 ಬಟೇರ್ (ಕ್ವೇಲ್ ಹಕ್ಕಿ) ತತ್ತಿ ತಂದು ಇಟ್ಟೆವು, ಒಂದೂ ಒಡೆಯಲಿಲ್ಲ. ಏಪ್ರಿಲ್‌ನಲ್ಲಿ ಒಂದು ಫಾರ್ಮಿನಿಂದ 36 ತಂದೆವು, ನಾಲ್ಕೇ ಮರಿ ಬಂದವು. ಎರಡರ ಕಾಲು ಸೀಳಿಕೊಂಡು ಎದ್ದು ನಿಲ್ಲಲಾರದೆ ಸತ್ತವು. ಒಂದು ನೀರಿನ ತಟ್ಟೆಯಲ್ಲಿ ಬಿದ್ದು ಹೋಯಿತು. ಉಳಿದ ಒಂದು ಹಗಲು ರಾತ್ರಿ ಚೀರುತ್ತಿದೆ. ಮಗಳಿಗೆ ಹತ್ತು, ಮಗನಿಗೆ ಆರು ವರ್ಷ, ಇಬ್ಬರೂ ಅಳುತ್ತಿದ್ದಾರೆ. ಮಷೀನ್ ಕೆಟ್ಟಿದೆಯಾ? ಜವಾರಿ ಕೋಳಿ ಕೆಳಗೆ ಇಟ್ಟರೆ ಆಗುತ್ತಾ? ಯಜಮಾನರಿಗೆ ಹೊಲದ ಬದುವಿನಲ್ಲಿ ತೀತರ್ ತತ್ತಿ ಸಿಕ್ಕಿವೆ, ಅವನ್ನು ಮರಿ ಮಾಡಬಹುದಾ? ಹುಂಜಗಳು ಜಾಸ್ತಿಯಾದರೆ ಏನು ಮಾಡುವುದು?

ಉತ್ತರ: ನಮಸ್ಕಾರ್ರೀ ಅಕ್ಕಾ. ಮೊದಲು ಆ ಒಂಟಿ ಮರಿಯ ಮಾತು. ಉಳಿದದ್ದು ನಾಳೆ ಓದಿದರೂ ನಡೆಯುತ್ತದೆ.

ಅದು ಚೀರುತ್ತಿರುವುದು ಹಸಿವಿಗಲ್ಲ. ಬಟೇರ್ ಮರಿ ಒಂದೇ ಇರಲಾರದು. ಗೂಡಿನಲ್ಲಿ ಹತ್ತು ಹನ್ನೆರಡು ಮರಿ ಒಂದಕ್ಕೊಂದು ಅಂಟಿಕೊಂಡು ಮಲಗುವ ಜಾತಿ ಅದು. ಇವತ್ತೇ ಡಬ್ಬದ ಒಂದು ಗೋಡೆಗೆ ಸಣ್ಣ ಕನ್ನಡಿ ಒರಗಿಸಿ ಇಡಿ. ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬಟ್ಟೆ ಉಂಡೆ ಇಡಿ, ಬಲ್ಬಿನ ಬಿಸಿ ತಾಗುವ ಕಡೆ. ಅರ್ಧ ತಾಸಿನಲ್ಲಿ ಸದ್ದು ಕಡಿಮೆಯಾಗುತ್ತದೆ. ಇದು ಎರಡು ಮೂರು ದಿನದ ಉಪಾಯ ಅಷ್ಟೇ. ಅಷ್ಟರೊಳಗೆ ತತ್ತಿ ಕೊಟ್ಟ ಫಾರ್ಮಿಗೆ ಫೋನ್ ಮಾಡಿ, ಅದೇ ವಯಸ್ಸಿನ ನಾಲ್ಕೈದು ಮರಿ ಕೇಳಿ ತನ್ನಿ. ವಯಸ್ಸು ಒಂದು ವಾರಕ್ಕಿಂತ ಹೆಚ್ಚು ಕಡಿಮೆ ಇರಬಾರದು, ದೊಡ್ಡವು ಚಿಕ್ಕದನ್ನು ತುಳಿಯುತ್ತವೆ.

ಈಗ ಮಷೀನ್ ವಿಷಯ. ಕೆಟ್ಟಿಲ್ಲ ಅನಿಸುತ್ತದೆ. ಎರಡು ಸಲ ತಪ್ಪಿದ್ದಕ್ಕೆ ಎರಡು ಬೇರೆ ಬೇರೆ ಕಾರಣ ಇವೆ.

ಮೊದಲ ಸಲದ 30 ತತ್ತಿ ಮರಿಯಾಗುವ ತತ್ತಿಗಳೇ ಅಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬಟೇರ್ ತತ್ತಿ ತಿನ್ನಲಿಕ್ಕೆ ಅಂತ ತೆಗೆದದ್ದು. ಅಂಥ ಫಾರ್ಮಿನಲ್ಲಿ ಹೇಟೆಗಳ ಜೊತೆ ಹುಂಜ ಬಿಡುವುದೇ ಇಲ್ಲ, ಬಿಟ್ಟರೆ ಸುಮ್ನೆ ಮೇವು ದಂಡ ಅಲ್ವಾ. ಹುಂಜ ಇಲ್ಲದಿದ್ದರೂ ಹೇಟೆ ತತ್ತಿ ಇಡುತ್ತದೆ, ಆದರೆ ಅದರಲ್ಲಿ ಜೀವ ಇರುವುದಿಲ್ಲ. ಎಲ್ಲೋ ಹುಂಜ ಇದ್ದು ಜೀವ ಇದ್ದರೂ ಲಾರಿಯಲ್ಲಿ ಕುಲುಕಿ, ಫ್ರಿಜ್‌ನಲ್ಲಿ ಕೂತು, ಹದಿನೈದು ದಿನ ಹಳತಾಗಿ ನಿಮ್ಮ ಕೈಗೆ ಬಂದಿರುತ್ತದೆ. ಅದಕ್ಕೆ ನಿಮ್ಮ ಮಷೀನ್ ಏನು ಮಾಡಬೇಕು?

ಎರಡನೇ ಸಲ ತತ್ತಿ ಸರಿ ಇದ್ದವು, ಕಾಲ ಸರಿ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದಲ್ಲಿ ನೂರಕ್ಕೆ ತೊಂಬತ್ತು ಮನೆಯಲ್ಲಿ ಎಡವುವುದು ಇಲ್ಲೇ, ಮತ್ತು ಮಷೀನ್ ಜೊತೆ ಬರುವ ಚೀಟಿಯಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ. ಇನ್‌ಕ್ಯುಬೇಟರ್ ಅಂದರೆ ಒಳಗೆ ಒಂದು ಹೀಟರ್, ಒಂದು ಫ್ಯಾನ್, ಒಂದು ಸೆನ್ಸರ್. ತತ್ತಿಗೆ 37.5 ಡಿಗ್ರಿ ಬೇಕು. ಕಡಿಮೆಯಾದರೆ ಹೀಟರ್ ಹತ್ತುತ್ತದೆ, ಜಾಸ್ತಿಯಾದರೆ ಆರುತ್ತದೆ. ಆರುತ್ತದೆ ಅಷ್ಟೇ, ತಂಪು ಮಾಡುವುದಿಲ್ಲ. ಏಪ್ರಿಲ್, ಮೇದಲ್ಲಿ ಸೇಡಂ ಹೊರಗೆ 42, 43 ಇರುತ್ತದೆ, ಮಾಳಿಗೆ ಕೆಳಗಿನ ಕೋಣೆ ಮಧ್ಯಾಹ್ನ 38, 39ಕ್ಕೆ ಹೋಗುತ್ತದೆ. ಹೀಟರ್ ಆರಿಸಿಕೊಂಡು ಕೂತರೂ ಒಳಗಿನ ತತ್ತಿ ಬೇಯುತ್ತಲೇ ಇರುತ್ತದೆ. ನಾವು ಕರೆಂಟ್ ಹೋಗುತ್ತದೆ ಅಂತ ಹೆದರುತ್ತೇವೆ, ಆದರೆ ಬೇಸಿಗೆಯಲ್ಲಿ ತತ್ತಿ ಕೊಲ್ಲುವುದು ಮಧ್ಯಾಹ್ನ ಎರಡರಿಂದ ಐದರ ಬಿಸಿ. ಒಂದು ಡಿಗ್ರಿ ಕಡಿಮೆಯಾದರೆ ಮರಿ ಒಂದು ದಿನ ತಡವಾಗಿ ಬರಬಹುದು. ಒಂದೂವರೆ ಡಿಗ್ರಿ ಜಾಸ್ತಿಯಾಗಿ ಕೆಲವು ತಾಸು ನಿಂತರೆ ಒಳಗೇ ಸಾಯುತ್ತದೆ, ಇಲ್ಲ ಕಾಲು ಕೊಕ್ಕು ಸೊಟ್ಟಗಾಗಿ ಬರುತ್ತದೆ.

ನಾನು ಕೂಡ ಇದನ್ನು ಪುಸ್ತಕ ಓದಿ ಕಲಿತಿಲ್ಲ. ಬೀದರಿನಲ್ಲಿ ಪಶುವೈದ್ಯ ಓದಿದವನು, ಸರ್ಟಿಫಿಕೇಟ್ ಗೋಡೆ ಮೇಲಿದೆ, ಆದರೂ ಮನೆಯ ಮೊದಲ ಬ್ಯಾಚ್ ಮೇ ತಿಂಗಳಲ್ಲಿ ಇಟ್ಟೆ. ಹದಿನಾರನೇ ದಿನ ಸಂಜೆ ಕರೆಂಟ್ ಹೋಯಿತು. ಬಿಸಿ ಆರಬಾರದು ಅಂತ ನಮ್ಮವ್ವನ ಹತ್ತಿ ಕೌದಿ ತಂದು ಮಷೀನ್ ಸುತ್ತಿಬಿಟ್ಟೆ. ನಮ್ಮವ್ವ ನೋಡಿ, "ಏ ತಮ್ಮಾ, ನಿನಗೇ ಅಂಗಿ ಬ್ಯಾಡಾಗ್ಯಾದ, ಅದಕ್ಕ ಕೌದಿ ಯಾಕ ಹೊಚ್ಚಿದಿ?" ಅಂದಳು. ನಕ್ಕು ಸುಮ್ಮನಾದೆ. 40 ತತ್ತಿಯಲ್ಲಿ ಏಳು ಮರಿ ಬಂದವು. ಒಡೆಯದ ತತ್ತಿ ಬಿಚ್ಚಿ ನೋಡಿದರೆ ಹೆಚ್ಚಿನವು ಪೂರ್ತಿ ಬೆಳೆದು, ಪುಕ್ಕ ಮೂಡಿ, ಒಳಗೇ ಸತ್ತಿದ್ದವು. ಕೊನೆಯ ಮೂರ್ನಾಲ್ಕು ದಿನ ಮರಿ ತಾನೇ ಬಿಸಿ ಹುಟ್ಟಿಸುತ್ತದೆ, ಮೇಲೆ ಕೌದಿ ಬೇರೆ. ಚಳಿಗಾಲದಲ್ಲಿ ಕರೆಂಟ್ ಹೋದರೆ ಕೌದಿ ಸರಿ. ಬೇಸಿಗೆಯಲ್ಲಿ ಗಾಳಿ ಕಿಂಡಿ ತೆರೆದು ಸುಮ್ಮನೆ ಬಿಡಬೇಕು. ಎರಡು ಮೂರು ತಾಸಿಗೆ ಏನೂ ಆಗುವುದಿಲ್ಲ.

ಹಾಗಾಗಿ ಈಗ ಮಷೀನ್ ಒರೆಸಿ, ಬಿಸಿಲಿಗೆ ಒಣಗಿಸಿ ಎತ್ತಿಡಿ. ದಸರಾ ಮುಗಿದ ಮೇಲೆ ತತ್ತಿ ತನ್ನಿ. ಆಗ ಕೋಣೆ 25ರಿಂದ 28ರ ಆಸುಪಾಸು ಇರುತ್ತದೆ, ಮಷೀನಿಗೆ ಅದೇ ಬೇಕು. ಮಳೆಗಾಲದಲ್ಲೂ ಇಡಬಹುದು. ಆದರೆ ಶ್ರಾವಣದ ತೇವದಲ್ಲಿ ಮರಿಗಳಿಗೆ ಹೊಟ್ಟೆ ಕೆಡುವುದು ಜಾಸ್ತಿ. ಮೊದಲ ಸಲ ಮಾಡುವವರಿಗೆ ದೀಪಾವಳಿ ಹೊತ್ತಿನ ಮರಿಗಳೇ ಚೆನ್ನ.

ಇನ್ನೊಂದು ಕೆಲಸ ಈಗಲೇ ಮಾಡಿ ನೋಡಬಹುದು, ಮಗಳಿಗೆ ಖುಷಿಯಾಗುತ್ತದೆ. ಮಷೀನ್ ತೋರಿಸುವ ಡಿಗ್ರಿ ನಂಬಬೇಡಿ. ಅಗ್ಗದ ಮಷೀನ್‌ಗಳಲ್ಲಿ ಒಂದು ಡಿಗ್ರಿ ಆಚೀಚೆ ಇರುವುದು ಮಾಮೂಲು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿ ಇರುತ್ತದಲ್ಲ. ಲೋಟದಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ಅದರ ಮೂತಿಯನ್ನೂ ಮಷೀನ್ ಸೆನ್ಸರಿನ ತುದಿಯನ್ನೂ ಒಟ್ಟಿಗೆ ಮುಳುಗಿಸಿ. ಸೆನ್ಸರ್ ವೈರಿನ ತುದಿಯಲ್ಲಿ ನೀರು ಹೋಗದಂಥ ಲೋಹದ ಟೋಪಿ ಇದ್ದರೆ ಮಾತ್ರ. ಇಲ್ಲದಿದ್ದರೆ ಎರಡನ್ನೂ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದ್ದಿ. ಜ್ವರದ್ದು 99.5 ಫ್ಯಾರನ್‌ಹೀಟ್ ತೋರಿಸಿದಾಗ ಮಷೀನ್ 37.5 ತೋರಿಸಬೇಕು. ಎಷ್ಟು ವ್ಯತ್ಯಾಸ ಬರುತ್ತದೋ ಚೀಟಿಯಲ್ಲಿ ಬರೆದು ಮಷೀನ್ ಮೇಲೆ ಅಂಟಿಸಿ.

ತತ್ತಿ ತರುವಾಗ ಫಾರ್ಮಿನವರಿಗೆ ಎರಡು ಪ್ರಶ್ನೆ ಕೇಳಿ: ಎಷ್ಟು ಹೇಟೆಗೆ ಒಂದು ಹುಂಜ ಬಿಟ್ಟಿದ್ದೀರಿ, ತತ್ತಿ ಇಟ್ಟು ಎಷ್ಟು ದಿನ ಆಯಿತು. ಎರಡು ಮೂರು ಹೇಟೆಗೆ ಒಂದು ಹುಂಜ ಇದ್ದರೆ ಒಳ್ಳೆಯದು. ಏಳು ದಿನಕ್ಕಿಂತ ಹಳೆಯ ತತ್ತಿ ಬೇಡ. ಬೈಕಿನಲ್ಲಿ ತಂದರೆ ಕುಲುಕಿರುತ್ತದೆ, ಬಂದ ತಕ್ಷಣ ಮಷೀನಿಗೆ ಹಾಕದೆ ಸಣ್ಣ ತುದಿ ಕೆಳಗೆ ಮಾಡಿ ಒಂದು ರಾತ್ರಿ ತಂಪು ಮೂಲೆಯಲ್ಲಿ ಇಡಿ, ಕೆಳಗಿನ ಫರಸಿ ಮೇಲೇ ಇಟ್ಟರೂ ಸರಿ. ಫ್ರಿಜ್ ಬೇಡ. ತೊಳೆಯಲೂ ಬೇಡ, ಮೇಲಿನ ಪೊರೆ ಹೋಗುತ್ತದೆ.

ಬಟೇರಿಗೆ 17ರಿಂದ 18 ದಿನ. ಮಗಳಿಗೆ ಒಂದು ಪೆನ್ಸಿಲ್ ಕೊಟ್ಟು ಪ್ರತಿ ತತ್ತಿಗೆ ಒಂದು ಬದಿ ಗೀಟು, ಇನ್ನೊಂದು ಬದಿ ಸೊನ್ನೆ ಹಾಕಿಸಿ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಮಲಗುವಾಗ, ದಿನಕ್ಕೆ ಮೂರು ಸಲ ಅವಳೇ ತಿರುಗಿಸಲಿ. ಮಷೀನ್ ತಾನೇ ತಿರುಗಿಸುತ್ತದೆ ಅಂದರೂ ಒಂದು ಸಲ ಕಣ್ಣಿಂದ ನೋಡಿ, ಬಟೇರ್ ತತ್ತಿ 10, 12 ಗ್ರಾಂ ಅಷ್ಟೇ, ಕೋಳಿ ತತ್ತಿಯ ಅಳತೆಯ ತಟ್ಟೆಯಲ್ಲಿ ಜಾರಿ ಒಂದೇ ಕಡೆ ಕೂತುಬಿಡುತ್ತದೆ. ಹದಿನೈದನೇ ದಿನದಿಂದ ತಿರುಗಿಸುವುದು ನಿಲ್ಲಿಸಬೇಕು. ಅವತ್ತೇ ತಳಕ್ಕೆ ಒರಟು ಹತ್ತಿ ಬಟ್ಟೆ ಹಾಸಿ, ಇಲ್ಲದಿದ್ದರೆ ಜಾಲರಿಯ ಸಂದಿನಲ್ಲಿ ಮರಿಯ ಕಾಲು ಸಿಗುತ್ತದೆ.

ತೇವದ ಮಾತು. ಮೊದಲ ಹದಿನಾಲ್ಕು ದಿನ 50, 55 ಪರ್ಸೆಂಟ್, ಆಮೇಲೆ 65ರಿಂದ 70. ನಮ್ಮ ಬೇಸಿಗೆ ಗಾಳಿಯಲ್ಲಿ 25 ಇದ್ದರೆ ಹೆಚ್ಚು. ಇದು ಕೂಡ ನಿಮ್ಮ ಏಪ್ರಿಲ್ ಬ್ಯಾಚಿಗೆ ಹೊಡೆದಿದೆ. ಕೊನೆಗೆ ಗಾಳಿ ಒಣಗಿದ್ದರೆ ಒಳಪೊರೆ ಗಟ್ಟಿಯಾಗಿ ಮರಿಗೆ ಮೆತ್ತಿಕೊಳ್ಳುತ್ತದೆ, ಕೊಕ್ಕಿನಿಂದ ಒಂದು ತೂತು ಕೊರೆದು ಅಲ್ಲೇ ಸೋತುಹೋಗುತ್ತದೆ. ಮಷೀನಿನ ತಳದಲ್ಲಿರುವ ನೀರಿನ ಕಾಲುವೆ ಎರಡೂ ತುಂಬಿಸಿ, ಸಾಲದಿದ್ದರೆ ಹೊಸ ಸ್ಪಂಜು ನೆನೆಸಿ ಮೂಲೆಯಲ್ಲಿ ಇಡಿ. ತತ್ತಿ ಮೇಲೆ ನೀರು ಚಿಮುಕಿಸಬೇಡಿ.

ಏಳೆಂಟನೇ ದಿನ ರಾತ್ರಿ ದೀಪ ಆರಿಸಿ ತತ್ತಿ ನೋಡುವುದನ್ನು ತಪ್ಪಿಸಬೇಡಿ. ಬಟೇರ್ ತತ್ತಿಯ ಮೇಲೆ ಕಪ್ಪು ಕಂದು ಮಚ್ಚೆ ಇರುವುದರಿಂದ ಕೋಳಿ ತತ್ತಿಯಷ್ಟು ಸಲೀಸಾಗಿ ಕಾಣುವುದಿಲ್ಲ, ಜೋರು ಟಾರ್ಚ್ ಬೇಕು. ಮುಷ್ಟಿ ಮಾಡಿ ಟಾರ್ಚಿನ ಬಾಯಿ ಮುಚ್ಚಿ, ಹೆಬ್ಬೆರಳ ಸಂದಿನಲ್ಲಿ ತತ್ತಿಯ ದಪ್ಪ ತುದಿ ಕೂರಿಸಿ. ಜೀವ ಇದ್ದರೆ ಕೆಂಪು ಬೆಳಕಿನಲ್ಲಿ ದಾರದಂಥ ನರಗಳು ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಅಲುಗಾಡುತ್ತದೆ. ನಮ್ಮ ಮಗ ಮೊದಲ ಸಲ ನೋಡಿದಾಗ, ಒಳಗೆ ಯಾರೋ ಈಜಾಡ್ತಿದಾರೆ ಅಂದಿದ್ದ. ಖಾಲಿ ಇದ್ದದ್ದು ಪೂರ್ತಿ ಹಳದಿಯಾಗಿ ಬೆಳಗುತ್ತದೆ, ಅದನ್ನು ತೆಗೆದುಬಿಡಿ. ಅನುಮಾನ ಇದ್ದದ್ದು ಇರಲಿ ಬಿಡಿ.

ಹದಿನೇಳನೇ ದಿನ ಮನೆಯಲ್ಲಿ ದೊಡ್ಡವರಿಗೇ ಕೈ ತಡೆಯುವುದು ಕಷ್ಟ. ಮುಚ್ಚಳ ತೆರೆಯಬೇಡಿ. ಮರಿ ಕೊಕ್ಕಿನಿಂದ ಒಂದು ಕಡೆ ಚಿಟ್ ಅಂತ ಒಡೆದು, ಆಮೇಲೆ ತಾಸುಗಟ್ಟಲೆ ಏನೂ ಮಾಡುವುದಿಲ್ಲ. ಸತ್ತೇಹೋಯಿತೇನೋ ಅನಿಸುತ್ತದೆ. ಅದು ಉಸಿರಾಟ ಕಲಿಯುತ್ತಿರುತ್ತದೆ. ಆಮೇಲೆ ಒಮ್ಮೆಲೇ ದಪ್ಪ ತುದಿಯ ಸುತ್ತ ಡಬ್ಬಿ ಮುಚ್ಚಳ ಬಿಚ್ಚಿದ ಹಾಗೆ ಕೊರೆದುಕೊಂಡು, ಎರಡು ನೂಕಿಗೆ ಹೊರಗೆ ಬೀಳುತ್ತದೆ. ಒದ್ದೆ ದುಂಬಿಯಂತೆ ಇರುತ್ತದೆ, ಏಳೆಂಟು ಗ್ರಾಂ ತೂಕ. ಹೊಟ್ಟೆಯಲ್ಲಿ ತತ್ತಿಯ ಹಳದಿ ಉಳಿದಿರುವುದರಿಂದ ಒಂದು ದಿನ ಅನ್ನ ನೀರು ಇಲ್ಲದೆ ಇರುತ್ತದೆ. ಹಾಗಾಗಿ ಅವಸರ ಬೇಡ, ಎಲ್ಲ ಒಣಗಿ ಉಬ್ಬಿದ ಮೇಲೆ ಒಟ್ಟಿಗೆ ತೆಗೆಯಿರಿ. 36ರಲ್ಲಿ 20 ಬಂದರೆ ಚೆನ್ನಾಗಿ ಮಾಡಿದಿರಿ ಅಂತಲೇ ಅರ್ಥ, ದೂರದಿಂದ ತಂದ ತತ್ತಿ ಅದಕ್ಕಿಂತ ಹೆಚ್ಚು ಕೊಡುವುದು ಕಡಿಮೆ.

ಇನ್ನು ಸೀಳಿದ ಕಾಲು. ನಿಮ್ಮ ಮನೆ ನೋಡದೆ ಹೇಳುತ್ತೇನೆ: ಮರಿಗಳನ್ನು ಪೇಪರ್ ಹಾಸಿ ಬಿಟ್ಟಿದ್ದಿರಿ, ಇಲ್ಲ ನೇರ ಶಹಾಬಾದ್ ಫರಸಿ ಮೇಲೆ. ಎರಡೂ ಜಾರುತ್ತವೆ. ಒಂದು ದಿನದ ಮರಿಗೆ ಕಾಲು ಊರಿ ನಿಲ್ಲುವ ಶಕ್ತಿ ಬಂದಿರುವುದಿಲ್ಲ, ಎರಡು ಸಲ ಜಾರಿದರೆ ತೊಡೆಯ ಕೀಲು ಹೊರಗೆ ತಿರುಗಿ ಹಾಗೇ ನಿಲ್ಲುತ್ತದೆ. ಮೊದಲ ವಾರ ಗೆರೆ ಗೆರೆ ಇರುವ ರಟ್ಟನ್ನು ಬಿಚ್ಚಿ ಒರಟು ಬದಿ ಮೇಲೆ ಮಾಡಿ ಹಾಸಿ, ಇಲ್ಲ ಹಳೆಯ ಹತ್ತಿ ಬಟ್ಟೆ. ಗೋಣಿ ತಟ್ಟು ಬೇಡ, ನಾರಿಗೆ ಉಗುರು ಸಿಗುತ್ತದೆ. ಮುಂದೆ ಯಾವುದಾದರೂ ಮರಿಗೆ ಹಾಗಾದರೆ ಅವತ್ತೇ ಗಾಯಕ್ಕೆ ಹಚ್ಚುವ ಪಟ್ಟಿಯನ್ನು ಸಣ್ಣಗೆ ಸೀಳಿ, ಎರಡು ಕಾಲನ್ನೂ ಸಹಜವಾಗಿ ನಿಲ್ಲುವಷ್ಟು ಅಂತರದಲ್ಲಿ ಜೋಡಿಸಿ ಕಟ್ಟಿ. ಎರಡು ಮೂರು ದಿನಕ್ಕೆ ಬಿಚ್ಚಿದರೆ ಬಹಳ ಸಲ ಸರಿಹೋಗಿರುತ್ತದೆ. ಮೂರ್ನಾಲ್ಕು ದಿನ ತಡ ಮಾಡಿದರೆ ಆಗುವುದಿಲ್ಲ.

ನೀರಿಗೆ ತಟ್ಟೆ ಅಲ್ಲ, ನೀರಿನ ಬಾಟಲಿಯ ಮುಚ್ಚಳ. ಅದರಲ್ಲೂ ಮಗನ ಗೋಲಿಗಳನ್ನು ತುಂಬಿ, ಸಂದಿನಲ್ಲಿ ಮಾತ್ರ ನೀರು ನಿಲ್ಲುವ ಹಾಗೆ. ಗೋಲಿ ಹಾಕುವ ಕೆಲಸ ಅವನಿಗೇ ಕೊಡಿ. ಬಟೇರ್ ಮರಿಗೆ ಕಾಲಿಂಚು ನೀರು ಅಂದರೆ ಬಾವಿ.

ಬಿಸಿಗೆ 40 ಅಥವಾ 60 ವ್ಯಾಟಿನ ಹಳದಿ ಬಲ್ಬ್. ಎಲ್‌ಇಡಿ ಬಲ್ಬ್ ಹಾಕಿ ಮರಿ ಯಾಕೆ ನಡುಗುತ್ತಿದೆ ಅಂತ ಕೇಳಿದವರು ನನಗೆ ಒಬ್ಬಿಬ್ಬರಲ್ಲ, ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಹಳೆಯ ಬಲ್ಬ್ ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಎರಡು ಹೆಚ್ಚಿಗೆ ತಂದಿಡಿ. ಮೊದಲ ವಾರ ಬಲ್ಬಿನ ಕೆಳಗೆ 35, 36 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಬನ್ನಿ. ನಿಜ ಹೇಳಬೇಕೆಂದರೆ ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಏರಿದರೆ ಚಳಿ. ದೂರ ಓಡಿ ಬಾಯಿ ತೆರೆದು ಮೂಲೆ ಸೇರಿದರೆ ಬಿಸಿ. ಅಲ್ಲಲ್ಲಿ ಕಾಲು ಚಾಚಿ ಸತ್ತಂತೆ ಬಿದ್ದಿದ್ದರೆ ಗಾಬರಿಯಾಗಬೇಡಿ, ಸುಖವಾಗಿ ನಿದ್ದೆ ಮಾಡುತ್ತಿವೆ. ರಾತ್ರಿ ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ನಡುವೆ ಇಡಿ.

ಮೇವಿನಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಜೋಳದ ನುಚ್ಚು. ಮನೆಯಲ್ಲಿ ಇರುತ್ತದೆ, ಕೋಳಿಮರಿ ತಿಂದು ಬದುಕುತ್ತದೆ, ಹಾಗಾಗಿ ಇದಕ್ಕೂ ಹಾಕುತ್ತಾರೆ. ಜೋಳದಲ್ಲಿ ಪ್ರೋಟೀನ್ ಹತ್ತು ಪರ್ಸೆಂಟ್ ಆಸುಪಾಸು. ಬಟೇರ್ ಮರಿಗೆ 24ರಿಂದ 27 ಬೇಕು. ಯಾಕೆ ಅಷ್ಟು ಅಂದರೆ, ಏಳೆಂಟು ಗ್ರಾಂ ಇದ್ದದ್ದು ಐದು ವಾರದಲ್ಲಿ ನೂರೈವತ್ತು ಗ್ರಾಂ ದಾಟಬೇಕು. ಬ್ರಾಯ್ಲರ್ ಪ್ರಿ-ಸ್ಟಾರ್ಟರ್ ಮೇವು ತಂದು ಮಿಕ್ಸಿಯಲ್ಲಿ ರವೆಯಷ್ಟು ಸಣ್ಣಗೆ ಮಾಡಿ ಹಾಕಿ. ಅದರಲ್ಲಿ 22, 23 ಇರುತ್ತದೆ, ಕೊರತೆಗೆ ದಿನಕ್ಕೊಮ್ಮೆ ಬೇಯಿಸಿದ ತತ್ತಿಯನ್ನು ಪುಡಿ ಮಾಡಿ ಸ್ವಲ್ಪ ಉದುರಿಸಿ. ಶೇಂಗಾ ಹಿಂಡಿ ಹಾಕಬಹುದಾ ಅಂತ ಕೇಳುತ್ತೀರಿ, ಗೊತ್ತು. ಹಳೆಯ ಹಿಂಡಿಯಲ್ಲಿ ಕಣ್ಣಿಗೆ ಕಾಣದ ಬೂಸ್ಟಿನ ವಿಷ ಇರುತ್ತದೆ, ಮರಿಗಳ ಲಿವರ್ ಕೆಡಿಸುತ್ತದೆ. ಮರಿಗೆ ಬೇಡ. ಐದು ವಾರ ಮುಗಿಯುವ ಹೊತ್ತಿಗೆ ಒಂದು ಹಕ್ಕಿ ಸುಮಾರು ಅರ್ಧ ಕೆಜಿ ತಿಂದಿರುತ್ತದೆ. ಬೆಳೆದದ್ದಕ್ಕೆ ದಿನಕ್ಕೆ 20ರಿಂದ 25 ಗ್ರಾಂ, ಅಂದರೆ ಹನ್ನೆರಡು ಹಕ್ಕಿಗೆ ತಿಂಗಳಿಗೆ ಒಂಬತ್ತು ಕೆಜಿ. ತತ್ತಿ ಶುರುವಾದ ಮೇಲೆ ಲೇಯರ್ ಮೇವು, ಸುಣ್ಣದಂಶಕ್ಕೆ ಕಪ್ಪೆಚಿಪ್ಪಿನ ಪುಡಿ.

ಗೂಡು ಅಂಗಳದಲ್ಲಿ ಬೇವಿನ ಮರದ ಕೆಳಗೆ ಇರಲಿ. ಮಾಳಿಗೆ ಮೇಲೆ ತಗಡಿನ ಕೆಳಗೆ ಇಟ್ಟು ಒಂದೇ ಮಧ್ಯಾಹ್ನ ಹದಿನಾಲ್ಕು ಹಕ್ಕಿ ಕಳಕೊಂಡವನು ಹೇಳುತ್ತಿದ್ದೇನೆ. ಎರಡಡಿ ಅಗಲ, ಮೂರಡಿ ಉದ್ದ ಇದ್ದರೆ ಹನ್ನೆರಡು ಹಕ್ಕಿಗೆ ಧಾರಾಳ. ಎತ್ತರ ಹತ್ತು ಇಂಚು ಸಾಕು, ಅಥವಾ ಆಳೆತ್ತರ ಮಾಡಿ, ನಡುವಿನದು ಬೇಡ. ಬಟೇರ್ ಬೆದರಿದರೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ, ಎರಡು ಮೂರು ಅಡಿ ಎತ್ತರದ ಗೂಡಿನಲ್ಲಿ ವೇಗ ಹಿಡಿದು ತಲೆ ಒಡೆದುಕೊಳ್ಳುತ್ತದೆ. ಜಾಲರಿ ಅರ್ಧ ಇಂಚಿನದು, ಇಲಿ ಮತ್ತು ಹಾವು ಎರಡಕ್ಕೂ. ಗೂಡಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಸಕ್ಕರೆ ಡಬ್ಬಿಗೆ ಇರುವೆ ಬಾರದಂತೆ ಮಾಡುತ್ತೇವಲ್ಲ, ಹಾಗೆ. ಹಾಸಲು ಭತ್ತದ ಹೊಟ್ಟು ಒಳ್ಳೆಯದು. ಶಹಾಪುರ, ಸುರಪುರದ ಕಡೆ ನೆಂಟರಿದ್ದರೆ ಅಲ್ಲಿ ಕಾಲುವೆ ನೀರಿನ ಭತ್ತ, ಅಕ್ಕಿ ಮಿಲ್ಲಿನಲ್ಲಿ ಚೀಲ ತುಂಬಿಸಿ ಕೊಡುತ್ತಾರೆ. ಮೂಗಿಗೆ ಘಾಟು ಹೊಡೆಯುವ ಮುಂಚೆ ಬದಲಿಸಿ. ಹಕ್ಕಿ ಮುಟ್ಟಿದ ಮೇಲೆ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲೇಬೇಕು, ಮುತ್ತು ಕೊಡುವುದಂತೂ ಬೇಡವೇ ಬೇಡ. ಆರೋಗ್ಯವಾಗಿ ಕಾಣುವ ಮರಿಯ ಮೈಮೇಲೂ ವಾಂತಿಭೇದಿ ತರುವ ರೋಗಾಣು ಇರಬಹುದು.

ಜವಾರಿ ಕೋಳಿ ಕೆಳಗೆ ಇಡಬಹುದಾ ಅಂದಿರಿ. ಇಡಬಹುದು. ಸಾಕಿದ ಬಟೇರ್ ತಾನಾಗಿ ಕಾವಿಗೆ ಕೂಡುವುದನ್ನೇ ಮರೆತಿದೆ, ತತ್ತಿ ಇಟ್ಟು ಎದ್ದು ಹೋಗುತ್ತದೆ. ಕೋಳಿ ಹಾಗಲ್ಲ, ಬಿಸಿಯಾದರೆ ತಾನೇ ಎದ್ದು ಒಂದು ಸುತ್ತು ಹೋಗಿ ಬರುತ್ತದೆ, ಆ ವಿಷಯದಲ್ಲಿ ನಿಮ್ಮ ಮಷೀನಿಗಿಂತ ಜಾಣ. ಆದರೆ ಬಟೇರ್ ತತ್ತಿಯ ಸಿಪ್ಪೆ ತೆಳು, ಭಾರದ ಕೋಳಿ ತುಳಿದರೆ ಒಡೆಯುತ್ತದೆ. ಸಣ್ಣ ಮೈಯ, ಶಾಂತ ಸ್ವಭಾವದ ಕೋಳಿ ನೋಡಿ ಹದಿನೈದು ಇಡಿ. ಮರಿ ಬಂದ ದಿನವೇ ಕೋಳಿಯಿಂದ ಬೇರೆ ಮಾಡಿ ಬಲ್ಬಿನ ಡಬ್ಬಕ್ಕೆ ಹಾಕಿ. ಕೋಳಿ ಕೆದಕುವ ರಭಸಕ್ಕೆ ದುಂಬಿಯಷ್ಟು ಮರಿ ಎಲ್ಲಿ ಹಾರಿ ಬೀಳುತ್ತದೋ, ಜೊತೆಗೆ ಕೋಳಿಯ ಹೇನು, ರೋಗ ಎಲ್ಲ ಅಂಟುತ್ತವೆ.

ಈಗ ಯಜಮಾನರ ತೀತರ್ ತತ್ತಿ. ಅವನ್ನು ಎಲ್ಲಿ ಸಿಕ್ಕವೋ ಅಲ್ಲೇ ಬಿಟ್ಟುಬಿಡಲಿ. ಇಲ್ಲಿ ಹೆಸರಿನ ಗೊಂದಲ ಬಹಳ. ಗೌಜಲಕ್ಕಿ ಅಂದರೆ ಒಬ್ಬರಿಗೆ ತೀತರ್, ಇನ್ನೊಬ್ಬರಿಗೆ ಬಟೇರ್. ಕೆಲವರು ಬುರ್ಲಿ ಅನ್ನುತ್ತಾರೆ. ತೊಗರಿ ಹೊಲದಲ್ಲಿ ಬೆಳಿಗ್ಗೆ ಗಂಟಲು ಹರಿಯುವಂತೆ ಕೂಗುತ್ತದಲ್ಲ, ಅದು ತೀತರ್. ಜೋಳದ ಸಾಲಿನಿಂದ ಕಾಲ ಬುಡಕ್ಕೆ ಭರ್ರನೆ ಎದ್ದು ಹೋಗುವ ಗುಂಡನೆಯದು ಕಾಡು ಬಟೇರ್. ಇವೆರಡೂ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ಹಿಡಿಯುವುದು, ಸಾಕುವುದು, ತತ್ತಿ ತೆಗೆಯುವುದು ಎಲ್ಲ ಅಪರಾಧ, ಜೈಲು ಆಗಬಹುದು. ನೀವು ಸಾಕುತ್ತಿರುವುದು ಜಪಾನಿ ಬಟೇರ್. ಅದು ನಮ್ಮ ಕಾಡಿನದಲ್ಲ, 1974ರಲ್ಲಿ ಅಮೆರಿಕದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದ ಸಾಕು ತಳಿ. 2011ರಲ್ಲಿ ಅದಕ್ಕೂ ಕಾಯ್ದೆ ತಾಗುತ್ತದೆ ಅಂತ ಗೊಂದಲ ಎದ್ದು ಫಾರ್ಮಿನವರು ಒದ್ದಾಡಿದ್ದರು, ಆಮೇಲೆ ಅದು ಬಗೆಹರಿಯಿತು. ಫಾರ್ಮಿನ ರಸೀದಿ ಮಾತ್ರ ಎತ್ತಿಡಿ. ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಬೇಕು.

ಯಜಮಾನರಿಗೆ ಹೊಲದಲ್ಲಿ ಓಡಾಡುವ ಹಕ್ಕಿಯೇ ಬೇಕು ಅಂದರೆ ಗಿನಿ ಕೋಳಿ ತರಲಿ. 26ರಿಂದ 28 ದಿನದ ಕಾವು, ತತ್ತಿ ಕಲ್ಲಿನಷ್ಟು ಗಟ್ಟಿ, ಜವಾರಿ ಕೋಳಿ ಆರಾಮಾಗಿ ಹನ್ನೆರಡು ಕೂಡಿಸುತ್ತದೆ. ಉಣ್ಣೆ, ಮಿಡತೆ ಆರಿಸಿ ತಿನ್ನುತ್ತದೆ, ಹೊಸಬರು ಬಂದರೆ ನಾಯಿಗಿಂತ ಮೊದಲು ಕೂಗುತ್ತದೆ. ಮರಿಗಳು ಮಾತ್ರ ಇಬ್ಬನಿಗೆ ನೆನೆದರೂ ಸಾಯುತ್ತವೆ. ಪಕ್ಕದ ಮನೆಯವರ ಜೊತೆ ನಿಮ್ಮ ಸಂಬಂಧ ಹೇಗಿದೆ ಅನ್ನುವುದನ್ನೂ ನೋಡಿಕೊಳ್ಳಿ.

ಕೊನೆಯ ಪ್ರಶ್ನೆ, ಹುಂಜಗಳದ್ದು. ಇದನ್ನು ನೀವು ಮರಿ ಆಗುವ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು, ನಾನು ಕೇಳಿಕೊಂಡಿರಲಿಲ್ಲ. ಇಪ್ಪತ್ತು ಮರಿಯಲ್ಲಿ ಹತ್ತು ಹುಂಜ ಅಂತ ಇಟ್ಟುಕೊಳ್ಳಿ. ಮೂರು ವಾರಕ್ಕೆ ಗೊತ್ತಾಗುತ್ತದೆ: ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಹುಂಜ, ತಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೇಟೆ. ನಿಮಗೆ ಬೇಕಾದದ್ದು ಮೂರು ಹುಂಜ. ಉಳಿದ ಏಳನ್ನು ಜೊತೆಯಲ್ಲೇ ಬಿಟ್ಟರೆ ಆರು ವಾರದ ಮೇಲೆ ಹೇಟೆಗಳ ನೆತ್ತಿಯ ಪುಕ್ಕ ಕಿತ್ತು ರಕ್ತ ಬರಿಸುತ್ತವೆ, ತಮ್ಮಲ್ಲೇ ಕಣ್ಣು ಕುಕ್ಕಿಕೊಳ್ಳುತ್ತವೆ. ಹೊಲಕ್ಕೆ ಬಿಡುವ ಹಾಗಿಲ್ಲ. ಬೆಕ್ಕು, ಗಿಡುಗಕ್ಕೆ ಒಂದು ದಿನದ ಊಟ ಆಗುತ್ತವೆ, ಬದುಕಿದರೆ ಇನ್ನೂ ಕೆಟ್ಟದು, ಕಾಡು ಬಟೇರಿನ ಜೊತೆ ಕೂಡಿ ಅದರ ತಳಿ ಕೆಡಿಸುತ್ತವೆ.

ಉಳಿಯುವುದು ಎರಡೇ ದಾರಿ, ಸಾರಿಗೆ ಹಾಕುವುದು, ಇಲ್ಲ ಕೊಟ್ಟುಬಿಡುವುದು. ನಮ್ಮ ಮನೆಯಲ್ಲಿ ಮೊದಲ ಸಲ ನಾನು ಮಕ್ಕಳಿಗೆ ಏನೂ ಹೇಳದೆ, ಅವರು ಶಾಲೆಗೆ ಹೋದಾಗ ನಾಲ್ಕು ಹುಂಜ ಕೊಯ್ದೆ. ಮಗಳು ಸಂಜೆ ಬಂದು ಎಣಿಸಿದಳು. ಪ್ರತಿದಿನ ಎಣಿಸುತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಕೊಯ್ದದ್ದಕ್ಕಲ್ಲ, ಅವಳೇ ಆಮೇಲೆ ಹೇಳಿದಳು, "ನನ್ನ ಕೇಳ್ಬೇಕಿತ್ತಲ್ಲಪ್ಪಾ."

ಮುಂದಿನ ಸಲದಿಂದ ತತ್ತಿ ಮಷೀನಿಗೆ ಹೋಗುವ ಮುಂಚಿನ ರಾತ್ರಿ ಊಟಕ್ಕೆ ಕೂತಾಗಲೇ ಮಾತಾಡುತ್ತೇವೆ. ಎಷ್ಟು ಇಟ್ಟುಕೊಳ್ಳುವುದು, ಎಷ್ಟು ಯಾರಿಗೆ. ಹೆಸರು ಇಡುವುದು ಮೂರು ವಾರ ಕಳೆದ ಮೇಲೆ, ಉಳಿಯುವ ಹಕ್ಕಿಗೆ ಮಾತ್ರ. ಇದು ಮಗಳೇ ಮಾಡಿದ ಕಾನೂನು. ಚಿಕ್ಕವನು ಮುರಿಯುತ್ತಾನೆ, ಮುರಿದ ಮೇಲೆ ಆ ಹಕ್ಕಿ ಉಳಿಯುತ್ತದೆ, ಹಾಗಾಗಿ ನಮ್ಮ ಗೂಡಿನಲ್ಲಿ ಈಗಲೂ ಬೇಕಾದದ್ದಕ್ಕಿಂತ ಎರಡು ಹುಂಜ ಜಾಸ್ತಿ ಇವೆ, ಅವುಗಳಿಗೆ ಬೇರೆ ಸಣ್ಣ ಗೂಡು ಮಾಡಿದ್ದೇನೆ. ನೀವು ಸಾರಿಗೆ ಹಾಕುವವರಲ್ಲ ಅಂದರೆ ತತ್ತಿ ತರುವ ದಿನವೇ ಫಾರ್ಮಿನವರ ಹತ್ತಿರ ಮಾತಾಡಿಕೊಳ್ಳಿ, ಐದು ವಾರದ ಹುಂಜಗಳನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅಂತ. ಕೆಲವರು ಮೇವಿನ ಖರ್ಚಾದರೂ ಕೊಟ್ಟು ತೆಗೆದುಕೊಳ್ಳುತ್ತಾರೆ.

ಉಳಿದ ಎಂಟು ಹತ್ತು ಹೇಟೆ ಆರು ಏಳು ವಾರಕ್ಕೆ ತತ್ತಿ ಶುರು ಮಾಡುತ್ತವೆ, ದಿನಕ್ಕೆ 14 ತಾಸು ಬೆಳಕು ಸಿಕ್ಕರೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ಸಂಜೆ ಮೂರು ತಾಸು ಬಲ್ಬ್ ಹಾಕಿ, ಇದಕ್ಕೆ ಎಲ್‌ಇಡಿ ನಡೆಯುತ್ತದೆ. ಐದು ಬಟೇರ್ ತತ್ತಿ ಸೇರಿದರೆ ಒಂದು ಕೋಳಿ ತತ್ತಿ. ಬೇಯಿಸಲು ನಾಲ್ಕು ನಿಮಿಷ ಸಾಕು. ಸಿಪ್ಪೆ ಸುಲಿಯುವುದು ಬೇಸರದ ಕೆಲಸ, ಅದನ್ನು ಮೈದುನನಿಗೆ ಹಚ್ಚಿ, ಮಷೀನ್ ತಂದವರು ಅವರೇ ಅಲ್ವಾ.